ವಸತಿ ಬಡಾವಣೆಯಲ್ಲಿ ಮಳಿಗೆ, ಬೋರ್ಡು, ಹೋರ್ಡಿಂಗ್: ಚಿತ್ರದುರ್ಗದಲ್ಲಿ ಯಾರನ್ನು, ಏನೆಂದು ಕೇಳಬೇಕು?

ಪ್ರಶ್ನೆ
ಬರೆದವರು: ಮೆದೇಹಳ್ಳಿ ರಸ್ತೆಯ ನಿವಾಸಿ

ಚಿತ್ರದುರ್ಗದ ಮೆದೇಹಳ್ಳಿ ರಸ್ತೆಯ ಆಚೀಚೆ ಬೆಳೆದ ಬಡಾವಣೆಗಳಲ್ಲಿ ನಮ್ಮದೂ ಒಂದು. ಮನೆ ಕಟ್ಟಲೆಂದೇ ಹಂಚಿದ ನಿವೇಶನಗಳಲ್ಲಿ ಈಗ ವ್ಯಾಪಾರವೂ ನೆಲೆಯೂರಿದೆ. ಮೊದಮೊದಲು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವರು, ಸಂಜೆ ಮಕ್ಕಳಿಗೆ ಪಾಠ ಹೇಳುವವರು ಇದ್ದರು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈಚೆಗೆ ಕೆಳ ಅಂತಸ್ತಿನ ಗೋಡೆ ಒಡೆದು ಶಟರ್ ಹಾಕಿಸಿದ ಮಳಿಗೆಗಳು, ಪಿ.ಜಿ.ಗಳು, ರೋಗಿಗಳ ವಾಹನಗಳು ಬೀದಿಯುದ್ದಕ್ಕೂ ನಿಲ್ಲುವ ಕ್ಲಿನಿಕ್, ಬೆಳಗಿನಿಂದ ಸಂಜೆಯವರೆಗೆ ಸದ್ದು ಮಾಡುವ ದ್ವಿಚಕ್ರ ವಾಹನಗಳ ಗ್ಯಾರೇಜು ಬಂದಿವೆ. ಅವುಗಳ ಜೊತೆಗೆ ಬೋರ್ಡುಗಳೂ ಬಂದಿವೆ. ಮನೆಯ ಬಾಲ್ಕನಿಯನ್ನೇ ಮುಚ್ಚಿದ ಬೋರ್ಡು, ಫುಟ್‌ಪಾತಿನ ಮೇಲೆ ನಿಲ್ಲಿಸಿದ ಸ್ಟ್ಯಾಂಡು, ರಾತ್ರಿ ಎದುರು ಮನೆಯ ಮಲಗುವ ಕೋಣೆಗೆ ಬೆಳಕು ಚೆಲ್ಲುವ ಎಲ್ಇಡಿ ಫಲಕ, ಮೂಲೆಯ ಕಟ್ಟಡದ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟಿನ ದೊಡ್ಡ ಹೋರ್ಡಿಂಗ್, ಇವೆಲ್ಲವೂ ಒಂದೇ ಬೀದಿಯಲ್ಲಿವೆ.

ನಗರಸಭೆಯ ಮುಂದಿನ ಸಾಮಾನ್ಯ ಸಭೆಗೆ ಮೊದಲು ನಮ್ಮ ವಾರ್ಡಿನ ಸದಸ್ಯರ ಮೂಲಕ ಒಂದು ಮನವಿ ಸಲ್ಲಿಸಬೇಕೆಂದು ನಿವಾಸಿಗಳು ಕೂಡಿ ಯೋಚಿಸಿದ್ದೇವೆ. ಆದರೆ ಮನವಿಯಲ್ಲಿ ಏನಿರಬೇಕೆಂಬ ಬಗ್ಗೆ ನಮ್ಮಲ್ಲಿಯೇ ಒಮ್ಮತವಿಲ್ಲ. ಬಡಾವಣೆಯನ್ನು ಪೂರ್ತಿಯಾಗಿ ವಸತಿಗೆ ಮಾತ್ರ ಎಂದು ಘೋಷಿಸಿ ಎಲ್ಲ ವ್ಯಾಪಾರವನ್ನೂ ತೆರವು ಮಾಡಿಸಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ. ಅಂಗಡಿಯಿಂದಲೇ ಮನೆ ನಡೆಸುವವರೂ ನಮ್ಮ ನೆರೆಯವರೇ ಆಗಿರುವುದರಿಂದ ಬೋರ್ಡು, ಬೆಳಕು, ಸದ್ದು, ವಾಹನ ನಿಲುಗಡೆಗೆ ಮಾತ್ರ ನಿಯಮ ಕೇಳೋಣ ಎಂಬುದು ಉಳಿದವರ ಅಭಿಪ್ರಾಯ. ನಾನು ಎರಡನೆಯ ಗುಂಪಿನವನು.

ತಿಳಿದವರು ದಯವಿಟ್ಟು ಉತ್ತರಿಸಬೇಕು. ಒಂದು ಬಡಾವಣೆಯನ್ನು ವಸತಿ ಪ್ರದೇಶವೆಂದೋ ವಾಣಿಜ್ಯ ಪ್ರದೇಶವೆಂದೋ ನಿರ್ಧರಿಸುವ ಅಧಿಕಾರ ನಗರಸಭೆಗೆ ಇದೆಯೇ? ಬೋರ್ಡಿನ ಅಳತೆ, ಎತ್ತರ, ಬೆಳಕಿಗೆ ಮಿತಿ ಹಾಕುವ ಅಧಿಕಾರ ಯಾರದು? ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮವನ್ನು ಪಾಲಿಸಿದ ಬೋರ್ಡಿಗೆ ಬೇರೆ ಯಾವ ನಿರ್ಬಂಧವೂ ಇಲ್ಲವೇ? ಆಷಾಢದ ಗಾಳಿ ಬೀಸತೊಡಗಿದರೆ ಆ ಮೂಲೆಯ ಹೋರ್ಡಿಂಗ್ ಕಡೆಗೆ ನೋಡಲೂ ಭಯವಾಗುತ್ತದೆ. ಅದರ ಹೊಣೆ ಯಾರದು?

ಉತ್ತರ 1
ಬರೆದವರು: ನಗರ ಯೋಜನೆಯ ವಿದ್ಯಾರ್ಥಿ, ಹೊಳಲ್ಕೆರೆ ರಸ್ತೆ

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಅಧಿಕಾರಗಳು ಸೇರಿಕೊಂಡಿವೆ. ಅವನ್ನು ಮೊದಲು ಬಿಡಿಸಿಕೊಳ್ಳದಿದ್ದರೆ ಮನವಿ ತಪ್ಪು ಮೇಜಿಗೆ ಹೋಗಿ ಅಲ್ಲಿಯೇ ಉಳಿಯುತ್ತದೆ.

ಯಾವ ಜಮೀನನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ನಿರ್ಧರಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಅದರ ಪ್ರಕಾರ ಮಹಾಯೋಜನೆಯನ್ನು ತಯಾರಿಸುವುದು ಯೋಜನಾ ಪ್ರಾಧಿಕಾರದ ಕೆಲಸ, ನಮ್ಮ ಊರಿನಲ್ಲಿ ಅದು ಚಿತ್ರದುರ್ಗ ನಗರಾಭಿವೃದ್ಧಿ ಪ್ರಾಧಿಕಾರ. ಮಹಾಯೋಜನೆಯ ನಕ್ಷೆಯಲ್ಲಿ ವಸತಿ ವಲಯಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆಗೆ ಕೆಂಪು ಬಣ್ಣ ಹಾಕಿರುತ್ತಾರೆ. ಆ ನಕ್ಷೆಯ ಜೊತೆಗಿರುವ ವಲಯ ನಿಯಮಾವಳಿಯಲ್ಲಿ ಯಾವ ವಲಯದಲ್ಲಿ ಏನು ಸಹಜವಾಗಿ ಸಲ್ಲುತ್ತದೆ, ಯಾವುದಕ್ಕೆ ಪ್ರಾಧಿಕಾರದ ವಿಶೇಷ ಅನುಮತಿ ಬೇಕು ಎಂಬುದನ್ನು ಬರೆದಿರುತ್ತಾರೆ. ನಗರಸಭೆ ಒಮ್ಮತದಿಂದ ನಿರ್ಣಯ ಮಾಡಿದರೂ ಈ ನಕ್ಷೆಯ ಒಂದು ಗೆರೆಯನ್ನೂ ಅಳಿಸಲಾಗದು. ಬದಲಾವಣೆ ಬೇಕಾದರೆ ಅದೇ ಅಧಿನಿಯಮದ 14-ಎ ಪ್ರಕರಣದಂತೆ ಪತ್ರಿಕೆಯಲ್ಲಿ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಿ, ಸರ್ಕಾರದ ಪೂರ್ವಾನುಮೋದನೆ ಪಡೆದು ಪ್ರಾಧಿಕಾರವೇ ಮಾಡಬೇಕು. ಆ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕೆಂಬ ಷರತ್ತೂ ಇದೆ. ಇಡೀ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು 13-ಡಿ ಪ್ರಕರಣ ಹೇಳುತ್ತದೆ. ಹಾಗಾಗಿ ನಿಮ್ಮ ಬಡಾವಣೆ ಏನಾಗಬೇಕೆಂಬ ಮಾತನ್ನು ಆಡಲು ಸರಿಯಾದ ಕಾಲವೆಂದರೆ ಆ ಪರಿಷ್ಕರಣೆಯ ಕರಡು ಹೊರಬಿದ್ದು ಆಕ್ಷೇಪಣೆ ಕೇಳುವ ದಿನಗಳು. ಊರಿನ ಭವಿಷ್ಯವನ್ನು ದಶಕಗಳವರೆಗೆ ಕಟ್ಟಿಹಾಕುವ ದಾಖಲೆಗೆ ಪ್ರತಿಕ್ರಿಯೆ ಕೊಡಲು ಬರುವ ನಾಗರಿಕರು ತೀರ ಕಡಿಮೆ ಎನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇಲ್ಲಿ ಒಂದು ಗೊಂದಲವನ್ನೂ ನಿವಾರಿಸಬೇಕು. "ನಮ್ಮದು ಡಿ.ಸಿ. ಕನ್ವರ್ಷನ್ ಆದ ಜಾಗ, ಆದ್ದರಿಂದ ಅಂಗಡಿ ಹಾಕಬಹುದು" ಎಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. 1964ರ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದ ಪ್ರಕಾರ ಜಿಲ್ಲಾಧಿಕಾರಿಗಳು ಕೊಡುವ ಭೂ ಪರಿವರ್ತನೆ ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಕೊಡುವ ಅನುಮತಿ. ಆ ಆದೇಶದಲ್ಲಿ ವಸತಿ ಉದ್ದೇಶಕ್ಕೆ ಎಂದು ಬರೆದಿದ್ದರೆ ಅದು ವಸತಿಗಷ್ಟೇ. ಮನೆಯನ್ನು ಮಳಿಗೆಯಾಗಿಸುವ ಹಕ್ಕು ಅದರಿಂದ ಬರುವುದಿಲ್ಲ.

ಹಾಗೆಂದು ವ್ಯಾಪಾರವನ್ನೆಲ್ಲ ತೆರವು ಮಾಡಿಸುವ ಬೇಡಿಕೆ ಕಾನೂನಿನ ಮುಂದೆ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ನಿಲ್ಲಲೂಬಾರದು. ದಿನಬಳಕೆಯ ಸಣ್ಣ ಅಂಗಡಿ, ವೈದ್ಯರು ತಮ್ಮ ಮನೆಯಲ್ಲಿಯೇ ನಡೆಸುವ ಚಿಕಿತ್ಸಾಲಯ, ವಕೀಲರ ಕಚೇರಿ, ಮನೆಯಲ್ಲಿ ನಡೆಯುವ ಕಸುಬು, ಇಂಥವುಗಳಿಗೆ ವಸತಿ ವಲಯದ ನಿಯಮಾವಳಿಗಳು ಸಾಮಾನ್ಯವಾಗಿ ಒಂದು ಮಿತಿಯೊಳಗೆ ಅವಕಾಶ ಕೊಟ್ಟಿರುತ್ತವೆ. ಹೊಲಿಗೆಯವರೂ ಗ್ಯಾರೇಜಿನವರೂ ಒಂದೇ ಪಟ್ಟಿಯಲ್ಲಿ ಸೇರುವುದಿಲ್ಲ. ಅವರಿಬ್ಬರನ್ನೂ ಒಂದೇ ಮಾತಿನಲ್ಲಿ ದೂರುವ ಮನವಿಯಿಂದ ನಿಮ್ಮ ನ್ಯಾಯವಾದ ಅಹವಾಲೇ ದುರ್ಬಲವಾಗುತ್ತದೆ.

ನಗರಸಭೆಯ ಕೈಯಲ್ಲಿರುವುದು ಉದ್ದಿಮೆ ಪರವಾನಗಿ. ಪರವಾನಗಿಯ ಅರ್ಜಿ ಬಂದಾಗ ಆ ನಿವೇಶನ ಮಹಾಯೋಜನೆಯಲ್ಲಿ ಯಾವ ವಲಯದಲ್ಲಿದೆ, ಕೇಳಿರುವ ಉದ್ದಿಮೆ ಆ ವಲಯದಲ್ಲಿ ಸಲ್ಲುತ್ತದೆಯೇ ಎಂದು ನೋಡಿಯೇ ಪರವಾನಗಿ ಕೊಡಬೇಕು ಮತ್ತು ನವೀಕರಿಸಬೇಕು. ವಲಯ ನಿರ್ಧರಿಸಿದ ಪ್ರಾಧಿಕಾರ ಒಂದು ಕಡೆ, ಪರವಾನಗಿ ಕೊಡುವ ನಗರಸಭೆ ಮತ್ತೊಂದು ಕಡೆ ಉಳಿದು, ಇಬ್ಬರ ನಡುವೆ ಒಂದು ಕಾಗದವೂ ಓಡಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಬೀದಿಯೇ ಉದಾಹರಣೆ. 1992ರ 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ನಗರ ಯೋಜನೆ ಮೊದಲನೆಯದು, ಭೂ ಬಳಕೆಯ ನಿಯಂತ್ರಣ ಎರಡನೆಯದು. ಇವು ಚುನಾಯಿತ ನಗರಸಭೆಗಳಿಗೆ ಸೇರಬಹುದಾದ ಕೆಲಸಗಳೆಂದು ಸಂವಿಧಾನವೇ ಹೇಳಿದ್ದರೂ ನಮ್ಮ ರಾಜ್ಯದಲ್ಲಿ ಅವು ಸರ್ಕಾರ ನೇಮಿಸಿದ ಅಧ್ಯಕ್ಷರಿರುವ ಪ್ರಾಧಿಕಾರಗಳ ಬಳಿಯೇ ಉಳಿದಿವೆ. ಇದು ಬದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದಕ್ಕಾಗಿ ಕಾಯದೆ, ಪರವಾನಗಿಯ ಮೇಜಿನಲ್ಲಿ ಮಹಾಯೋಜನೆಯ ನಕ್ಷೆ ತೆರೆದಿರಬೇಕೆಂದು ಕೇಳುವುದು ಇಂದೇ ಸಾಧ್ಯ.

ಬೋರ್ಡಿನ ವಿಷಯ ಇದಕ್ಕಿಂತ ಸರಳ. ಜಾಹೀರಾತು ಫಲಕಗಳಿಗೆ ಅನುಮತಿ ಕೊಡುವುದು, ನಿಯಂತ್ರಿಸುವುದು ನಗರಸಭೆಯ ಕೆಲಸ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ಅದಕ್ಕೆ ಉಪವಿಧಿ, ಅಂದರೆ ಎಲ್ಲರೂ ಹೇಳುವ ಬೈಲಾ, ರಚಿಸುವ ಅಧಿಕಾರವೂ ಇದೆ. ನಿರ್ಣಯಕ್ಕೂ ಬೈಲಾಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಗೆಳೆಯರಿಗೆ ಒತ್ತಿ ಹೇಳಿ. "ದೊಡ್ಡ ಬೋರ್ಡುಗಳನ್ನು ತೆರವುಗೊಳಿಸಬೇಕು" ಎಂದು ಸಭೆ ನಿರ್ಣಯಿಸಿದರೆ ಅದು ಸಭೆಯ ಇಚ್ಛೆ. ಎಷ್ಟು ಅಡಿಯ ಬೋರ್ಡು ದೊಡ್ಡದು, ಯಾರು ಅಳೆಯಬೇಕು, ಎಷ್ಟು ದಿನದ ನೋಟಿಸು, ಮೇಲ್ಮನವಿ ಯಾರ ಬಳಿ ಎಂಬುದನ್ನು ಬರೆದು, ಸರ್ಕಾರದ ಮಂಜೂರಾತಿ ಪಡೆದು ಪ್ರಕಟಿಸಿದ ಬೈಲಾ ಕಾನೂನಿನ ಬಲವುಳ್ಳದ್ದು. ಬೈಲಾ ಇಲ್ಲದೆ ನಡೆಸುವ ತೆರವು ಕಾರ್ಯಾಚರಣೆಗೆ ಒಬ್ಬ ವರ್ತಕ ನ್ಯಾಯಾಲಯದಲ್ಲಿ ತಡೆಯಾಜ್ಞೆ ತಂದರೆ ಉಳಿದವರ ಬೋರ್ಡುಗಳೂ ಮರಳಿ ಬರುತ್ತವೆ. ಆದ್ದರಿಂದ ನಿಮ್ಮ ಮನವಿಯ ಮೊದಲ ಸಾಲಿನಲ್ಲಿಯೇ ಬೈಲಾವನ್ನು ಕೇಳಿ.

ಶೇ 60ರ ನಿಯಮದ ಬಗ್ಗೆ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಮತ್ತು ಅದು ಫಲಕದ ಮೇಲ್ಭಾಗದಲ್ಲಿ ಇರಬೇಕು. ನಾವೆಲ್ಲರೂ ಬಯಸಿದ ನಿಯಮ ಅದು. ಆದರೆ ಅದು ಭಾಷೆಯ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಫಲಕದ ಅಳತೆ, ಎತ್ತರ, ಬೆಳಕುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಫುಟ್‌ಪಾತನ್ನು ಆಕ್ರಮಿಸಿದ ಬೋರ್ಡು ಪೂರ್ತಿ ಕನ್ನಡದಲ್ಲಿದ್ದರೂ ಆಕ್ರಮಣವೇ.

ಉತ್ತರ 2
ಬರೆದವರು: ಲಕ್ಷ್ಮೀ ಬಜಾರಿನ ವರ್ತಕ

ವರ್ತಕರ ಕಡೆಯ ಮಾತನ್ನೂ ಸೇರಿಸಲು ಬಯಸುತ್ತೇನೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ನಾವು ಆರೋಪಿಗಳ ಸ್ಥಾನದಲ್ಲಿಯೇ ನಿಂತಿರುತ್ತೇವೆ.

ನಮ್ಮಲ್ಲಿ ಯಾರಿಗೂ ದೊಡ್ಡ ಬೋರ್ಡಿನ ಮೋಹವಿಲ್ಲ. ಪಕ್ಕದ ಅಂಗಡಿಯವರು ಎರಡು ಅಡಿ ಮುಂದೆ ಬಂದರೆ ನಮ್ಮ ಬೋರ್ಡು ಮರೆಯಾಗುತ್ತದೆ. ಹಾಗಾಗಿ ನಾವೂ ಮುಂದೆ ಬರುತ್ತೇವೆ, ಆಮೇಲೆ ಮತ್ತೊಬ್ಬರು. ಕೊನೆಗೆ ಬೀದಿಯಲ್ಲಿ ಯಾವ ಹೆಸರೂ ಓದಲು ಸಿಗುವುದಿಲ್ಲ, ಖರ್ಚು ಮಾತ್ರ ಎಲ್ಲರಿಗೂ ಆಗಿರುತ್ತದೆ. ಇಡೀ ಬೀದಿಗೆ ಒಂದೇ ಅಳತೆ, ಒಂದೇ ಎತ್ತರ, ಗೋಡೆಯಿಂದ ಇಷ್ಟೇ ಹೊರಚಾಚು ಎಂದು ನಿಯಮ ಬಂದರೆ ಅದನ್ನು ಮೊದಲು ಸ್ವಾಗತಿಸುವವರು ಸಣ್ಣ ವರ್ತಕರೇ. ಇಂದು ಮಾಡಿ ನಾಳೆ ಮರೆಯುವ ನಿಯಮವನ್ನು, ಒಬ್ಬರಿಗೆ ಅನ್ವಯಿಸಿ ಇನ್ನೊಬ್ಬರನ್ನು ಬಿಡುವ ನಿಯಮವನ್ನು ಮಾತ್ರ ನಾವು ವಿರೋಧಿಸುತ್ತೇವೆ.

ಬೈಲಾದಲ್ಲಿ ಸೇರಲೇಬೇಕಾದ ಒಂದು ಅಂಶ ಇದೆ, ಅದನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪೇಟೆಯಲ್ಲಿ ಕಾಣುವ ಅನೇಕ ಬೋರ್ಡುಗಳನ್ನು ಅಂಗಡಿಯವರು ಮಾಡಿಸಿರುವುದಿಲ್ಲ. ಮೊಬೈಲ್, ಪೇಂಟ್, ಸಿಮೆಂಟ್, ತಂಪುಪಾನೀಯ ಕಂಪನಿಗಳ ಪ್ರತಿನಿಧಿಗಳು ಬಂದು ಉಚಿತವಾಗಿ ಬೋರ್ಡು ಕೊಡುತ್ತಾರೆ. ಅದರಲ್ಲಿ ಮುಕ್ಕಾಲು ಭಾಗ ಕಂಪನಿಯ ಬಣ್ಣ ಮತ್ತು ಗುರುತು, ಮೂಲೆಯಲ್ಲಿ ಅಂಗಡಿಯ ಹೆಸರು. ಕಾಗದದ ಮೇಲೆ ಅದು ಅಂಗಡಿಯ ನಾಮಫಲಕ, ವಾಸ್ತವದಲ್ಲಿ ಬಾಡಿಗೆಯಿಲ್ಲದ ಜಾಹೀರಾತು. ತಪಾಸಣೆ ಬಂದಾಗ ನೋಟಿಸು ಬರುವುದು ಅಂಗಡಿಯವರಿಗೆ, ಲಾಭ ಹೋಗುವುದು ಕಂಪನಿಗೆ. ನಾಮಫಲಕದಲ್ಲಿ ಅಂಗಡಿಯ ಸ್ವಂತ ಹೆಸರು ಮತ್ತು ಕಸುಬಿನ ವಿವರಕ್ಕೆ ಮೀಸಲಾದ ಭಾಗವನ್ನು ಮಾತ್ರ ನಾಮಫಲಕವೆಂದು ಲೆಕ್ಕ ಹಾಕಿ, ಉಳಿದದ್ದನ್ನು ಜಾಹೀರಾತೆಂದು ಪರಿಗಣಿಸಿ ಅದರ ಶುಲ್ಕವನ್ನು ಕಂಪನಿಯಿಂದಲೇ ವಸೂಲು ಮಾಡುವಂತಾದರೆ ಬಹಳಷ್ಟು ಬೋರ್ಡುಗಳು ತಾವಾಗಿಯೇ ಚಿಕ್ಕದಾಗುತ್ತವೆ. ಕನ್ನಡದ ಪ್ರಮಾಣ ಅಳೆಯುವಾಗಲೂ ಇದೇ ತೊಡಕು ಬರುವುದರಿಂದ ಎರಡಕ್ಕೂ ಒಂದೇ ಅಳತೆಯ ವಿಧಾನ ಇರಬೇಕು.

ಫ್ಲೆಕ್ಸ್ ಬಗ್ಗೆಯೂ ಒಂದು ಮಾತು. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನೂ ನಿಷೇಧಿಸಿದೆ. ಆದರೂ ಹುಟ್ಟುಹಬ್ಬ, ಜಾತ್ರೆ, ಸಮಾವೇಶ ಬಂದರೆ ವೃತ್ತಗಳೆಲ್ಲ ಫ್ಲೆಕ್ಸ್‌ಮಯ. ರಾಜಕೀಯದವರ ಫ್ಲೆಕ್ಸನ್ನು ಮುಟ್ಟದೆ ಅಂಗಡಿಯವರ ಬೋರ್ಡನ್ನು ಕೀಳುವ ಕಾರ್ಯಾಚರಣೆಗೆ ಊರಿನವರ ಮನಸ್ಸಿನಲ್ಲಿ ಗೌರವ ಹುಟ್ಟುವುದು ಸಾಧ್ಯವೇ ಇಲ್ಲ. ಫ್ಲೆಕ್ಸ್ ಬರುವ ಮೊದಲು ಊರಿನ ಬೋರ್ಡುಗಳನ್ನು ಕುಂಚದಿಂದ ಬರೆಯುತ್ತಿದ್ದ ಕಲಾವಿದರಿದ್ದರು. ಅವರ ಅಕ್ಷರಗಳು ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತಿದ್ದವು. ಬಣ್ಣದಲ್ಲಿ ಬರೆಸಿದ ಅಥವಾ ಲೋಹ, ಮರದಲ್ಲಿ ಮಾಡಿಸಿದ ಫಲಕಗಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟರೆ ಆ ಕೆಲಸ ಗೊತ್ತಿರುವ ಕೆಲವರಿಗಾದರೂ ಮತ್ತೆ ದುಡಿಮೆ ಸಿಕ್ಕೀತು.

ಹೊಸ ನಿಯಮ ಬಂದ ಮೇಲೆ ಬದಲಾಯಿಸಿಕೊಳ್ಳಲು ಕಾಲಾವಕಾಶ ಬೇಕು. ಕನ್ನಡದ ನಿಯಮಕ್ಕಾಗಿ ಈಚೆಗಷ್ಟೇ ಖರ್ಚು ಮಾಡಿ ಬೋರ್ಡು ಬದಲಾಯಿಸಿದವರು ಮತ್ತೆ ಕೂಡಲೇ ಬದಲಾಯಿಸಬೇಕಾಗಿ ಬಂದರೆ ಅದು ಅನ್ಯಾಯ. ಪರವಾನಗಿ ನವೀಕರಣದ ಸಮಯಕ್ಕೆ ಹೊಂದಿಸಿಕೊಂಡು ಹಂತಹಂತವಾಗಿ ಜಾರಿಗೆ ತರಲಿ.

ಉತ್ತರ 3
ಬರೆದವರು: ಸಿವಿಲ್ ಎಂಜಿನಿಯರ್, ಬುರುಜನಹಟ್ಟಿ

ಮೂಲೆಯ ಹೋರ್ಡಿಂಗ್ ಬಗ್ಗೆ ಕೇಳಿದ ಪ್ರಶ್ನೆ ಹಿಂದೆ ಸರಿದಂತಿದೆ. ನನ್ನ ಪ್ರಕಾರ ಎಲ್ಲಕ್ಕಿಂತ ತುರ್ತಾದದ್ದು ಅದೇ.

ಜೋಗಿಮಟ್ಟಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ಬಂದು ನಿಂತಿಲ್ಲ. ವಿದ್ಯುತ್ ತಯಾರಿಸುವಷ್ಟು ಗಾಳಿ ಬೀಸುವ ಊರು ನಮ್ಮದು. ಗಾಳಿಗೆ ಎದುರಾಗಿ ನಿಂತ ಹೋರ್ಡಿಂಗ್ ಮೇಲಿನ ಒತ್ತಡ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ತಾರಸಿಯ ಮೇಲಿನ ಚೌಕಟ್ಟಿನ ಆ ಭಾರವನ್ನೆಲ್ಲ ಹೊರಬೇಕಾದವು ಮನೆಯ ಲೆಕ್ಕಕ್ಕೆ ಕಟ್ಟಿದ ಸಣ್ಣ ಪ್ಯಾರಪೆಟ್ ಗೋಡೆ ಮತ್ತು ಚಪ್ಪಡಿಯಲ್ಲಿ ಕೊರೆದು ಕೂರಿಸಿದ ನಾಲ್ಕು ಬೋಲ್ಟ್‌ಗಳು. ತುಕ್ಕು ಹಿಡಿದ ಬೆಸುಗೆ ಕೆಳಗಿನಿಂದ ನೋಡಿದವರಿಗೆ ಕಾಣುವುದಿಲ್ಲ. ಗಾಳಿಯ ಭಾರವನ್ನು ಲೆಕ್ಕ ಹಾಕಲು ಭಾರತೀಯ ಮಾನಕ ಐಎಸ್ 875ರ 3ನೇ ಭಾಗ ಇದೆ. ಅದರಂತೆ ಲೆಕ್ಕ ಹಾಕಿದ ವಿನ್ಯಾಸಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಪ್ರಮಾಣಪತ್ರವನ್ನು ಅನುಮತಿಯ ಸಮಯದಲ್ಲೂ ಪ್ರತಿ ಮುಂಗಾರಿನ ಮೊದಲೂ ಸಲ್ಲಿಸಬೇಕೆಂದು ಬೈಲಾದಲ್ಲಿ ಬರೆಯಬೇಕು. ಪ್ರಮಾಣಪತ್ರವಿಲ್ಲದ ಚೌಕಟ್ಟನ್ನು ತೆರವು ಮಾಡಲು ಕಾಯುವ ಅಗತ್ಯವೇ ಇರಬಾರದು.

2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಉರುಳಿದ ಹೋರ್ಡಿಂಗ್ 17 ಜನರ ಪ್ರಾಣ ತೆಗೆಯಿತು. ಅಲ್ಲಿನ ಪಾಲಿಕೆ ಅನುಮತಿಸುವ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಅಲ್ಲಿ ನಿಂತಿದ್ದದ್ದು ಸುಮಾರು 120 ಅಡಿಗೆ 120 ಅಡಿಯದು. ಆ ಜಾಗ ತನ್ನ ವ್ಯಾಪ್ತಿಗೆ ಸೇರುತ್ತದೆಯೋ ಇಲ್ಲವೋ ಎಂಬ ವಾದ ಇಲಾಖೆಗಳ ನಡುವೆ ಜನ ಸತ್ತ ಮೇಲೆಯೂ ನಡೆಯಿತು. ಬೋರ್ಡಿಗೆ ಅನುಮತಿ ಕೊಟ್ಟವರು ಒಬ್ಬರು, ಕಟ್ಟಡಕ್ಕೆ ಕೊಟ್ಟವರು ಇನ್ನೊಬ್ಬರು, ರಸ್ತೆ ಮತ್ತೊಬ್ಬರದ್ದು ಎಂಬ ಪರಿಸ್ಥಿತಿ ನಮ್ಮಲ್ಲೂ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 46 ಎಂಬ ಮಾರ್ಗಸೂಚಿಯ ಪ್ರಕಾರ ರಸ್ತೆಗಳು ಕೂಡುವ ಜಾಗದಿಂದ 100 ಮೀಟರ್ ಒಳಗೆ ಜಾಹೀರಾತು ಫಲಕ ಇರಬಾರದು. ನಗರದೊಳಗೆ ಇದನ್ನು 50 ಮೀಟರ್‌ಗೆ ಇಳಿಸಬಹುದು. ನಮ್ಮ ಗಾಂಧಿ ವೃತ್ತದ ಸುತ್ತಮುತ್ತ ನಿಂತು ನೋಡಿದವರಿಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ.

ಕೋಟೆಯ ಮಗ್ಗುಲಿನ ಪೇಟೆಗಳಿಗೆ ಇನ್ನೂ ಒಂದು ಕಾನೂನು ಅನ್ವಯಿಸುತ್ತದೆ. ಚಿತ್ರದುರ್ಗದ ಕೋಟೆ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮಕ್ಕೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ, ಅಲ್ಲಿಂದಾಚೆ 200 ಮೀಟರ್‌ವರೆಗೆ ಅನುಮತಿ ಪಡೆದು ಮಾತ್ರ ಕಟ್ಟಬಹುದು. ಇರುವ ಮನೆಯ ದುರಸ್ತಿಗೆ ಅನುಮತಿ ಸಿಗುತ್ತದೆ, ಆದರೆ ಅದಕ್ಕೂ ಅರ್ಜಿ ಹಾಕಬೇಕು. ಈ ಕಾನೂನಿನಲ್ಲಿ ನಿರ್ಮಾಣವೆಂದರೆ ಕಟ್ಟಡದ ಜೊತೆಗೆ ಯಾವುದೇ ರಚನೆಯನ್ನು ಎಬ್ಬಿಸುವುದೂ ಸೇರುತ್ತದೆ. ನೆಲದಿಂದ ಕಂಬ ಎತ್ತಿ ನಿಲ್ಲಿಸುವ ಹೋರ್ಡಿಂಗ್ ರಚನೆಯಲ್ಲದೆ ಬೇರೇನು? ಬುರುಜನಹಟ್ಟಿಯಂಥ ಕಡೆ ವಾಸಿಸುವ ಬಡ ಕುಟುಂಬಕ್ಕೆ ಒಂದು ಕೋಣೆ ಏರಿಸಲು ಈ ಕಾನೂನು ಅಡ್ಡಿಯಾಗುವಾಗ, ಅದೇ ವ್ಯಾಪ್ತಿಯಲ್ಲಿ ಕಬ್ಬಿಣದ ಜಾಹೀರಾತು ಚೌಕಟ್ಟು ನಿಲ್ಲಲು ಬಿಡುವುದು ಸರ್ವಥಾ ಒಪ್ಪತಕ್ಕದ್ದಲ್ಲ. ನಗರಸಭೆಯ ಬೈಲಾದಲ್ಲಿ ಈ 300 ಮೀಟರ್‌ಗಳನ್ನು ಗುರುತಿಸಿದ ನಕ್ಷೆಯೊಂದನ್ನು ಅನುಬಂಧವಾಗಿ ಸೇರಿಸಿ, ಅಲ್ಲಿ ಗೋಡೆಗೆ ಅಂಟಿದ ಸಣ್ಣ ನಾಮಫಲಕಗಳಿಗೆ ಮಾತ್ರ ಅವಕಾಶ ಎಂದು ಬರೆದರೆ, ಸಂತೇಪೇಟೆಯ ಕಡೆಯಿಂದ ಬರುವವರಿಗೆ ಬಂಡೆಗಳ ಮೇಲೆ ಹತ್ತಿದ ಏಳು ಸುತ್ತಿನ ಕೋಟೆ ಕಾಣುತ್ತದೆ. ಆ ನೋಟ ಈ ಊರಿನ ಎಲ್ಲರಿಗೂ ಸೇರಿದ್ದು.

ಉತ್ತರ 4
ಬರೆದವರು: ದಾವಣಗೆರೆಯ ಓದುಗ

ಎರಡು ಸಣ್ಣ ಸೇರ್ಪಡೆಗಳು. ನಮ್ಮ ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆಯಾದ ಮೇಲೆ 1976ರ ಪಾಲಿಕೆಗಳ ಅಧಿನಿಯಮದ ವ್ಯಾಪ್ತಿಗೆ ಬಂದಿದೆ. ಅದರ 134ನೇ ಪ್ರಕರಣ ಜಾಹೀರಾತು ತೆರಿಗೆಯದು. ಅದೇ ಕಟ್ಟಡದಲ್ಲಿ ನಡೆಯುವ ವ್ಯಾಪಾರವನ್ನು ತಿಳಿಸುವ ಫಲಕವನ್ನು ತೆರಿಗೆಯಿಂದ ಹೊರಗಿಟ್ಟಿದೆ. ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಪ್ರದರ್ಶಿಸಬಾರದು ಎಂಬುದು 135ನೇ ಪ್ರಕರಣ. ಚಿತ್ರದುರ್ಗದ ಕಾನೂನು ಬೇರೆಯಾದರೂ ಲಕ್ಷ್ಮೀ ಬಜಾರಿನ ವರ್ತಕರು ಹೇಳಿದ ವ್ಯತ್ಯಾಸಕ್ಕೆ ಇದು ಒಳ್ಳೆಯ ಆಧಾರ: ಕಟ್ಟಡದೊಳಗಿನ ಅಂಗಡಿಯ ಹೆಸರು ಒಂದು, ಊರೂರು ಸುತ್ತುವ ಕಂಪನಿಯ ಜಾಹೀರಾತು ಇನ್ನೊಂದು.

ವಲಯಗಳ ಬಗ್ಗೆ ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಪ್ರದೇಶವನ್ನು ನೆನಪಿಸಲು ಬಯಸುತ್ತೇನೆ. ಭಟ್ಟಿಗಳ ಹೊಗೆಯ ಬಗ್ಗೆ ಅಲ್ಲಿ ವಾಸಿಸುವವರ ದೂರು ನಿಜ, ಆ ಕಸುಬಿನಿಂದ ಬದುಕುವ ಕುಟುಂಬಗಳ ಸಂಕಟವೂ ಅಷ್ಟೇ ನಿಜ. ಕಸುಬು ಮೊದಲು ಬಂದಿತೋ ಮನೆ ಮೊದಲು ಬಂದಿತೋ ಎಂಬ ಪ್ರಶ್ನೆಗೆ ದಾಖಲೆಯ ಆಧಾರದ ಉತ್ತರ ಇಲ್ಲದೆ ಇಂಥ ಕಡೆ ನ್ಯಾಯ ಮಾಡಲು ಬರುವುದಿಲ್ಲ. ನಿಮ್ಮ ಬಡಾವಣೆಯ ಗ್ಯಾರೇಜಿನವರು ಬಾಡಿಗೆಗೆ ಕೊಠಡಿ ಹಿಡಿದ ಬಡವರೂ ಆಗಿರಬಹುದು. ತೆರವು ಕೇಳುವಾಗ ಅವರು ಹೋಗಬಹುದಾದ ಜಾಗವನ್ನೂ, ಅಂದರೆ ಊರಿನ ಯಾವ ರಸ್ತೆಯಲ್ಲಿ ಗ್ಯಾರೇಜಿಗೆ ಅವಕಾಶವಿದೆ ಎಂಬುದನ್ನೂ, ಕೇಳಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಮೆದೇಹಳ್ಳಿ ರಸ್ತೆಯ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಇವನ್ನು ನಮ್ಮ ಸಭೆಯಲ್ಲಿ ಓದಿ ಹೇಳಿದೆ. ತೆರವನ್ನೇ ಕೇಳಬೇಕೆಂದಿದ್ದವರಲ್ಲಿ ಕೆಲವರು ಈಗ ಗ್ಯಾರೇಜು ಮತ್ತು ಶಟರ್ ಮಳಿಗೆಗಳನ್ನು ಮಾತ್ರ ಪ್ರಾಧಿಕಾರದ ಗಮನಕ್ಕೆ ತರಲು ಒಪ್ಪಿದ್ದಾರೆ. ಹೊಲಿಗೆ, ಪಾಠ, ಸಣ್ಣ ಅಂಗಡಿಗಳ ಹೆಸರು ದೂರಿನಲ್ಲಿ ಇರುವುದಿಲ್ಲ. ಹೋರ್ಡಿಂಗ್ ವಿಷಯವನ್ನು ಬೈಲಾಕ್ಕಾಗಿ ಕಾಯದೆ ಪ್ರತ್ಯೇಕ ಪತ್ರದಲ್ಲಿ ಪೌರಾಯುಕ್ತರಿಗೆ ಬರೆಯುತ್ತಿದ್ದೇವೆ. ಒಂದು ಸಂದೇಹ ಉಳಿದಿದೆ: ನಮ್ಮ ಬಡಾವಣೆ ನಕ್ಷೆಯಲ್ಲಿ ನಿಜಕ್ಕೂ ಯಾವ ಬಣ್ಣದಲ್ಲಿದೆ ಎಂಬುದನ್ನು ಅಧಿಕೃತವಾಗಿ ತಿಳಿಯುವುದು ಹೇಗೆ?

ಉತ್ತರ 5
ಬರೆದವರು: ನಗರ ಯೋಜನೆಯ ವಿದ್ಯಾರ್ಥಿ, ಹೊಳಲ್ಕೆರೆ ರಸ್ತೆ

2005ರ ಮಾಹಿತಿ ಹಕ್ಕು ಅಧಿನಿಯಮದಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಎರಡು ಅರ್ಜಿ ಹಾಕಿ. ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹಾಕುವ ಅರ್ಜಿಯಲ್ಲಿ ನಿಮ್ಮ ಬಡಾವಣೆಯ ಸರ್ವೆ ನಂಬರುಗಳನ್ನು ನಮೂದಿಸಿ, ಮಹಾಯೋಜನೆಯಲ್ಲಿ ಆ ಭಾಗದ ಭೂ ಬಳಕೆಯ ನಕ್ಷೆ, ವಸತಿ ವಲಯದ ನಿಯಮಾವಳಿಯ ಪುಟಗಳು ಮತ್ತು ಬಡಾವಣೆಯ ಅನುಮೋದಿತ ವಿನ್ಯಾಸ ನಕ್ಷೆಯ ದೃಢೀಕೃತ ಪ್ರತಿಗಳನ್ನು ಕೇಳಿ. ನಗರಸಭೆಗೆ ಹಾಕುವ ಅರ್ಜಿಯಲ್ಲಿ ನಿಮ್ಮ ರಸ್ತೆಯಲ್ಲಿ ಕೊಟ್ಟಿರುವ ಉದ್ದಿಮೆ ಪರವಾನಗಿಗಳ ಪಟ್ಟಿ, ತಾರಸಿಯ ಮೇಲಿನ ಹೋರ್ಡಿಂಗ್‌ಗೆ ಕೊಟ್ಟ ಅನುಮತಿಯ ಪ್ರತಿ, ಅದರ ಜೊತೆ ಸಲ್ಲಿಸಿದ ವಿನ್ಯಾಸ ಮತ್ತು ಸುರಕ್ಷತಾ ಪ್ರಮಾಣಪತ್ರ, ಜಾಹೀರಾತಿನ ಬಗ್ಗೆ ಈಗ ಜಾರಿಯಲ್ಲಿರುವ ಬೈಲಾ ಇದ್ದರೆ ಅದರ ಪ್ರತಿಯನ್ನು ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕೆಂಬುದು ಕಾನೂನು. ಹೋರ್ಡಿಂಗ್ ಜೀವಕ್ಕೆ ಅಪಾಯವಾಗುವಂತಿದೆ ಎಂದು ಕಾರಣ ಸಹಿತ ಬರೆದರೆ ಆ ಭಾಗದ ಮಾಹಿತಿಯನ್ನು 48 ಗಂಟೆಗಳೊಳಗೆ ಕೊಡಬೇಕೆಂದು ಕೇಳಲೂ ಅವಕಾಶವಿದೆ. ಅದೇ ಅಧಿನಿಯಮದ 7ನೇ ಪ್ರಕರಣವನ್ನು ಉಲ್ಲೇಖಿಸಿ.

ನಿಮ್ಮ ವಾರ್ಡಿನ ಸದಸ್ಯರಿಗೆ ಮನವಿಯ ಜೊತೆಗೆ ಬೈಲಾದ ಕರಡನ್ನೂ ಕೊಡಿ, ಏಕೆಂದರೆ ಸಭೆಯಲ್ಲಿ ಎದ್ದು ನಿಲ್ಲುವ ಸದಸ್ಯರ ಕೈಯಲ್ಲಿ ಬರೆದ ಕರಡು ಇದ್ದರೆ ಚರ್ಚೆ ದೂರಿನಿಂದ ನಿಯಮದ ಕಡೆಗೆ ತಿರುಗುತ್ತದೆ. ಕರಡು ನಾಲ್ಕು ಪುಟ ಮೀರದಿರಲಿ. ವರ್ತಕರು ಹೇಳಿದ ನಾಮಫಲಕದ ವ್ಯಾಖ್ಯೆ, ಎಂಜಿನಿಯರರು ಹೇಳಿದ ಪ್ರಮಾಣಪತ್ರ ಮತ್ತು ಕೋಟೆಯ ಸುತ್ತಲಿನ ನಕ್ಷೆ, ವಸತಿ ವಲಯದಲ್ಲಿ ರಾತ್ರಿ ಹತ್ತರ ನಂತರ ಬೆಳಗುವ ಫಲಕಗಳನ್ನು ಆರಿಸುವ ನಿಯಮ, ಬದಲಾವಣೆಗೆ ಕಾಲಾವಕಾಶ, ಮೇಲ್ಮನವಿ, ಇಷ್ಟು ಸಾಕು. ನಕ್ಷೆ ಕೈಸೇರಿದ ಮೇಲೆ ಕರಡನ್ನು ಇಲ್ಲಿಯೇ ಹಾಕಿ. ಲಕ್ಷ್ಮೀ ಬಜಾರಿನವರೂ ಬುರುಜನಹಟ್ಟಿಯವರೂ ಒಮ್ಮೆ ಓದಿ ತಿದ್ದಿದ ಮೇಲೆ ಸದಸ್ಯರಿಗೆ ಕೊಡೋಣ.